ತೆಂಗಿನಕಾಯಿಗೆ ಓಟು, ಬಾಟಲಿಗೆ ಸೋಲು



ಡಿಸೆಂಬರ್ ಬಂತು. ನೀವು ಮುಂಬಯಿಯ ಬಾಂದ್ರಾದಲ್ಲಿರಿ, ಪುಣೆಯ ಕ್ಯಾಂಪಿನಲ್ಲಿರಿ, ಚೆನ್ನೈನ ಸಾಂತೋಮಿನಲ್ಲಿರಿ, ಬೇಕರಿಗಳ ಮುಂದೆ ಪ್ಲಮ್ ಕೇಕಿನ ವಾಸನೆ ಶುರುವಾಗಿರುತ್ತದೆ. ಕೇಕಿನ ಕಥೆ ಎಲ್ಲರೂ ಬರೆಯುತ್ತಾರೆ, ಅದನ್ನು ಅವರಿಗೇ ಬಿಡೋಣ. ಈ ಸಲ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ. ಕೆರಿಬಿಯನ್ ಸಮುದ್ರದಲ್ಲಿ ಪೋರ್ಟೊ ರಿಕೊ ಎಂಬ ದ್ವೀಪವಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ಚಿಕ್ಕದು. ಅಲ್ಲಿ ಕ್ರಿಸ್‌ಮಸ್ ಬಂತೆಂದರೆ ಮನೆಮನೆಯಲ್ಲೂ ಒಂದು ಪಾನೀಯ ತಯಾರಾಗುತ್ತದೆ. ಹೆಸರು ಕೊಕೀತೊ. ಸ್ಪ್ಯಾನಿಶ್ ಭಾಷೆಯಲ್ಲಿ 'ಪುಟ್ಟ ತೆಂಗಿನಕಾಯಿ' ಎಂದರ್ಥ.

ಅದರಲ್ಲಿ ಇರುವುದೇನು ಎಂದರೆ ಕಾಯಿಹಾಲು, ಸಕ್ಕರೆ ಬೆರೆಸಿದ ಮಂದ ತೆಂಗಿನ ಕೆನೆ, ಕಂಡೆನ್ಸ್ಡ್ ಮಿಲ್ಕು, ಕಾಯಿಸಿ ಬತ್ತಿಸಿದ ಡಬ್ಬಿ ಹಾಲು, ಚಕ್ಕೆ, ಜಾಯಿಕಾಯಿ, ಲವಂಗ, ಒಂದಿಷ್ಟು ವೆನಿಲ್ಲಾ. ಮೇಲೆ ಬಿಳಿ ರಮ್ಮು. ರಮ್ಮನ್ನೂ ಡಬ್ಬಿ ಹಾಲನ್ನೂ ಪಕ್ಕಕ್ಕಿಟ್ಟು ನೋಡಿದರೆ, ಉಳಿದದ್ದು ನಮ್ಮ ಒತ್ತುಶಾವಿಗೆಗೆ ಹಾಕಿಕೊಳ್ಳುವ ಕಾಯಿಹಾಲಿನ ದೂರದ ನೆಂಟನಂತೆ ಕಾಣುತ್ತದೆ, ಅಲ್ಲವೇ? ಆ ನೆಂಟಸ್ತಿಕೆ ಎಷ್ಟು ನಿಜ ಎಂಬುದನ್ನು ಈ ಕಥೆಯಲ್ಲಿ ನೋಡೋಣ.

ಮೊದಲು ಒಂದು ಅಚ್ಚರಿ. ಪೋರ್ಟೊ ರಿಕೊದ ಪೋಸ್ಟ್‌ಕಾರ್ಡ್ ಯಾವುದನ್ನೇ ನೋಡಿ, ಕಡಲ ದಂಡೆಯಲ್ಲಿ ತೆಂಗಿನ ಮರ ಬಾಗಿ ನಿಂತಿರುತ್ತದೆ. ಆದರೆ ಕೊಲಂಬಸ್ 1493ರಲ್ಲಿ ಅಲ್ಲಿಗೆ ಬಂದಾಗ ಆ ದಂಡೆಯಲ್ಲಿ ಒಂದೇ ಒಂದು ತೆಂಗಿನ ಮರವೂ ಇರಲಿಲ್ಲ! ಅಲ್ಲಿನ ಮೂಲನಿವಾಸಿ ತಾಯಿನೊ ಜನ ತೆಂಗಿನಕಾಯಿಯನ್ನು ಕಂಡವರೇ ಅಲ್ಲ. ಅಟ್ಲಾಂಟಿಕ್ ಸಾಗರದ ಎರಡೂ ದಂಡೆಗಳಿಗೆ ತೆಂಗು ಹೋದದ್ದು ಹಿಂದೂ ಮಹಾಸಾಗರದಿಂದ, ಪೋರ್ಚುಗೀಸರ ಹಡಗುಗಳಲ್ಲಿ.

ಇಸವಿ ಹೇಳುತ್ತೇನೆ, ಲೆಕ್ಕ ಹಾಕಿಕೊಳ್ಳಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರ ಮೇ ತಿಂಗಳಲ್ಲಿ. ಹಿಂದಿರುಗುವಾಗ ಅವನ ಹಡಗುಗಳು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ, ತಳ ಕೆರೆದು ದುರಸ್ತಿ ಮಾಡಿಕೊಂಡು, ನೀರು ತುಂಬಿಕೊಂಡು ಹೊರಟವು. 1499ರಲ್ಲಿ ಅವು ಊರು ಮುಟ್ಟಿದವು. ಅದಾದ ಮೇಲೆಯೇ ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳಲ್ಲಿ ತೆಂಗು ನೆಲೆಯೂರಿತು. ಅಲ್ಲಿಂದ 1549ರಲ್ಲಿ ದಿಯೆಗೊ ಲೊರೆಂಜೊ ಎಂಬ ಪಾದ್ರಿ ಪೋರ್ಟೊ ರಿಕೊಗೆ ತೆಂಗನ್ನು ತಂದ. 2011ರಲ್ಲಿ ವಿಜ್ಞಾನಿಗಳು ಪ್ರಪಂಚದ ನಾನಾ ಕಡೆಯ ತೆಂಗಿನ ವಂಶವಾಹಿಗಳನ್ನು ಹೋಲಿಸಿ ನೋಡಿದರು. ತೆಂಗಿನಲ್ಲಿ ಎರಡು ದೊಡ್ಡ ಕುಲಗಳು ಸಿಕ್ಕವು. ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರದ್ದು. ದಕ್ಷಿಣ ಭಾರತದ ಕರಾವಳಿ, ಶ್ರೀಲಂಕಾ, ಲಕ್ಷದ್ವೀಪ, ಮಾಲ್ಡೀವ್ಸ್ ಸುತ್ತಮುತ್ತ ಪಳಗಿದ ಕುಲ ಈ ಎರಡನೆಯದು. ಕೆರಿಬಿಯನ್ನಿನ ಅಟ್ಲಾಂಟಿಕ್ ದಂಡೆಯ ತೆಂಗು ಇದೇ ಕುಲಕ್ಕೆ ಸೇರಿದ್ದು. ಅಂದರೆ ನೆಂಟಸ್ತಿಕೆ ಬರೀ ಬಾಯಿಮಾತಿನದ್ದಲ್ಲ, ರಕ್ತಸಂಬಂಧವೇ ಇದೆ.

'ಕೊಕೊ' ಎಂಬ ಹೆಸರು ಮಾತ್ರ ಅವರದ್ದೇ. ಸಿಪ್ಪೆ ಸುಲಿದ ಕಾಯಿಗೆ ಮೂರು ಕಣ್ಣು ಇರುತ್ತವಲ್ಲ, ಅದನ್ನು ನೋಡಿ ಪೋರ್ಚುಗೀಸರಿಗೆ ಮಕ್ಕಳನ್ನು ಹೆದರಿಸುವ ಗುಮ್ಮನ ಮುಖ ನೆನಪಾಯಿತು. ಅವರ ಗುಮ್ಮನ ಹೆಸರು ಕೊಕೊ. ನಾವು ಅದೇ ಮೂರು ಕಣ್ಣಿನಲ್ಲಿ ಮುಕ್ಕಣ್ಣನನ್ನು ಕಂಡು ದೇವರ ಮುಂದೆ ಒಡೆಯುತ್ತೇವೆ. ಅವರವರ ಭಾವಕ್ಕೆ, ಬಿಡಿ.

ಇನ್ನು ಸಕ್ಕರೆ. ಕಬ್ಬನ್ನು ಕೆರಿಬಿಯನ್ನಿಗೆ ತಂದವನು ಕೊಲಂಬಸ್, 1493ರ ಎರಡನೇ ಯಾನದಲ್ಲಿ. ಪೋರ್ಟೊ ರಿಕೊದಲ್ಲಿ 1520ರ ದಶಕದಲ್ಲೇ ಗಾಣಗಳು ತಿರುಗತೊಡಗಿದವು. ಸ್ಪ್ಯಾನಿಶ್‌ನಲ್ಲಿ ಸಕ್ಕರೆಗೆ 'ಅಸೂಕರ್' ಎನ್ನುತ್ತಾರೆ. ಅರಬ್ಬಿಯ 'ಸುಕ್ಕರ್', ಪಾರಸಿಯ 'ಶಕರ್' ದಾಟಿ ಹಿಂದಕ್ಕೆ ಹೋದರೆ ನಮ್ಮ 'ಶರ್ಕರಾ' ಸಿಗುತ್ತದೆ. ಮಾತು ಸಿಹಿಯಾಗಿದೆ, ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಗಾಣಗಳಿಗೆ ಕಬ್ಬು ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆ ದ್ವೀಪದಲ್ಲಿ ಗುಲಾಮಗಿರಿ ರದ್ದಾದದ್ದು 1873ರ ಮಾರ್ಚ್ 22ರಂದು. ಅಂದರೆ ಮೂರೂವರೆ ಶತಮಾನದ ಮೇಲೆ! ತೆಂಗಿನ ತೋಪುಗಳ ನಡುವಿನ ಲೋಯಿಸಾದಂಥ ಕರಾವಳಿ ಊರುಗಳಲ್ಲಿ ಇವತ್ತಿಗೂ ಆ ಆಫ್ರಿಕನ್ ಮೂಲದ ಜನರೇ ಹೆಚ್ಚು. ಕಾಯಿ ತುರಿದು, ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆದು ಅನ್ನ, ಮೀನು, ಸಿಹಿ ಎಲ್ಲಕ್ಕೂ ಹಾಕುವ ಅಡುಗೆ ಆ ದ್ವೀಪದಲ್ಲಿ ಬೆಳೆದದ್ದು ಬಹುಪಾಲು ಅವರ ಕೈಯಲ್ಲಿ. ಕೊಕೀತೊವನ್ನು 'ಸ್ಪೇನಿನ ದೊರೆಗಳು ಮೊಟ್ಟೆ-ಹಾಲಿನ ಪಾನೀಯಕ್ಕೆ ತೆಂಗು ಬೆರೆಸಿ ಮಾಡಿದರು' ಎಂದು ಬರೆಯುವವರಿದ್ದಾರೆ. ದೊರೆಗಳು ಕಾಯಿ ತುರಿದದ್ದನ್ನು ನಾನಂತೂ ನಂಬಲಾರೆ.

ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ ಸಾರಾಯಿ ಇಳಿಸುವುದು ತಾನಾಗಿ ಬಂತು. ತನ್ನ ದೇಶದ ದ್ರಾಕ್ಷಾರಸ, ಬ್ರಾಂಡಿಗಳ ವ್ಯಾಪಾರ ಕೆಡಬಾರದೆಂದು ಸ್ಪೇನಿನ ಸರಕಾರ ಕಬ್ಬಿನ ಸಾರಾಯಿಯನ್ನು ಬಹುಕಾಲ ನಿಷೇಧಿಸಿತ್ತು. ನಿಷೇಧಿಸಿದರೆ ಏನಾಗುತ್ತದೆ? ಬೆಟ್ಟದ ಸಂದಿಯಲ್ಲಿ, ಹೊಳೆಯ ಪಕ್ಕದಲ್ಲಿ, ರಾತ್ರಿ ಹೊತ್ತು ಭಟ್ಟಿ ಉರಿಯುತ್ತದೆ. ಈ ಕಳ್ಳಭಟ್ಟಿಗೆ ಅಲ್ಲಿ 'ಪಿತೊರ್ರೊ' ಎನ್ನುತ್ತಾರೆ, 'ಕಾನ್ಯಿತಾ' ಎಂದೂ ಕರೆಯುತ್ತಾರೆ. ಅದನ್ನು ಹಣ್ಣುಗಳ ಜೊತೆ ಬಾಟಲಿಯಲ್ಲಿ ತುಂಬಿ ಮಣ್ಣಿನಲ್ಲಿ ಹೂತಿಟ್ಟು, ಕ್ರಿಸ್‌ಮಸ್ಸಿಗೆ ಅಗೆದು ತೆಗೆಯುವ ಮನೆಗಳುಂಟು. ಹಳಬರನ್ನು ಕೇಳಿದರೆ ಅಂಗಡಿಯ ರಮ್ಮು ಹಾಕಿದ ಕೊಕೀತೊ ಕೊಕೀತೊವೇ ಅಲ್ಲ ಎನ್ನುತ್ತಾರಂತೆ.

ಈಗ ನಮ್ಮ ತಲೆಬರಹದ ವಿಷಯಕ್ಕೆ ಬರೋಣ. 1898ರ ಯುದ್ಧದಲ್ಲಿ ಸೋತ ಸ್ಪೇನ್ ಈ ದ್ವೀಪವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. 1917ರ ಮಾರ್ಚ್‌ನಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿತು. ಅದು ದ್ವೀಪದ ಜನರಿಗೆ ಅಮೆರಿಕದ ಪೌರತ್ವ ಕೊಟ್ಟಿತು. ಅದೇ ಕಾಯಿದೆಯಲ್ಲಿ ಪಾನನಿಷೇಧವೂ ಇತ್ತು, ಬೇಕೋ ಬೇಡವೋ ಎಂದು ಜನರೇ ಮತ ಹಾಕಿ ತೀರ್ಮಾನಿಸಬಹುದು ಎಂಬ ಸೌಲಭ್ಯದೊಂದಿಗೆ. 1917ರ ಜುಲೈನಲ್ಲಿ ಮತದಾನವಾಯಿತು. ಓದು ಬಾರದವರೇ ಹೆಚ್ಚಾಗಿದ್ದ ನಾಡು, ಹಾಗಾಗಿ ಚಿಹ್ನೆ ಬೇಕು. 1951–52ರ ನಮ್ಮ ಮೊದಲ ಮಹಾಚುನಾವಣೆಯಲ್ಲಿ ಜೋಡೆತ್ತು ಮುಂತಾದ ಗುರುತು ಇಟ್ಟರಲ್ಲ, ಹಾಗೆ. ಕುಡಿತ ಇರಲಿ ಎನ್ನುವವರ ಚಿಹ್ನೆ ಬಾಟಲಿ. ಕುಡಿತ ಬೇಡ ಎನ್ನುವವರ ಚಿಹ್ನೆ ಏನು ಗೊತ್ತೇ? ತೆಂಗಿನಕಾಯಿ! ಎಳನೀರು ಕುಡಿಯಿರಿ, ಸಾರಾಯಿ ಬಿಡಿ ಎಂಬ ಹಾಗೆ.

ತೆಂಗಿನಕಾಯಿ ಭರ್ಜರಿಯಾಗಿ ಗೆದ್ದಿತು. ಅದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮತ, ಬಾಟಲಿಗೆ ಅರವತ್ತು ಸಾವಿರದ ಚಿಲ್ಲರೆ. ಮತ ಹಾಕಿದವರೆಲ್ಲ ಗಂಡಸರು ಎಂಬುದನ್ನು ಗಮನಿಸಿ. ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ಇನ್ನೂ ಬಂದಿರಲಿಲ್ಲ. ಕುಡುಕ ಗಂಡಸರೇ ಕುಡಿತದ ವಿರುದ್ಧ ಓಟು ಹಾಕಿದರೇ ಎಂದು ನಗಬೇಡಿ. ಕಬ್ಬಿನ ಗದ್ದೆಯ ಕೂಲಿ ಶನಿವಾರ ಸಂಜೆಗೆ ಎಲ್ಲಿ ಹೋಗುತ್ತಿತ್ತು ಎಂಬುದು ಆ ಕೂಲಿಕಾರರಿಗೇ ಚೆನ್ನಾಗಿ ಗೊತ್ತಿತ್ತು. 1918ರ ಮಾರ್ಚ್ 2ರಿಂದ ದ್ವೀಪ ಒಣಗಿತು. ಅಮೆರಿಕದ ಮುಖ್ಯನಾಡಿಗಿಂತ ಸುಮಾರು ಎರಡು ವರ್ಷ ಮೊದಲೇ.

ಒಣಗಿತು ಎಂದು ಕಾಗದದಲ್ಲಿ ಬರೆದಿತ್ತು, ಅಷ್ಟೇ. ಪಿತೊರ್ರೊ ಮಾಡುವವರಿಗೆ ಅದು ಸುಗ್ಗಿಯ ಕಾಲ. ಹಬ್ಬದ ಬಾಟಲಿ ಅಡುಗೆಮನೆಯ ಒಳಗೆ ಸೇರಿಕೊಂಡಿತು. ಕಾಯಿಹಾಲು, ಚಕ್ಕೆ, ಸಕ್ಕರೆಗಳ ದಟ್ಟ ಸಿಹಿಯಲ್ಲಿ ಒರಟು ಸಾರಾಯಿಯ ಘಾಟು ಎಷ್ಟು ಚೆನ್ನಾಗಿ ಅಡಗುತ್ತದೆ ಎಂಬುದನ್ನು ಒಮ್ಮೆ ಮಾಡಿ ನೋಡಿದವರು ಬಲ್ಲರು. 1933ರ ಡಿಸೆಂಬರ್‌ನಲ್ಲಿ ಅಮೆರಿಕದ ಪಾನನಿಷೇಧ ಬಿದ್ದುಹೋಯಿತು. ದ್ವೀಪದಲ್ಲೂ ಕಾನೂನಿನ ಭಟ್ಟಿಗಳು ಮತ್ತೆ ಹೊತ್ತಿಕೊಂಡವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಸ್ಕಿ ಕಾರ್ಖಾನೆಗಳು ಯುದ್ಧದ ಕೆಲಸಕ್ಕೆ ಆಲ್ಕೊಹಾಲ್ ಮಾಡಲು ಹೊರಟಾಗ ಪೋರ್ಟೊ ರಿಕೊದ ರಮ್ಮಿಗೆ ಬೇಡಿಕೆಯೋ ಬೇಡಿಕೆ. ಆ ರಮ್ಮಿನ ಸುಂಕ ದ್ವೀಪದ ಖಜಾನೆಗೇ ವಾಪಸು ಬರುತ್ತಿತ್ತು. ತೆಂಗಿನಕಾಯಿಗೆ ಓಟು ಹಾಕಿದ ನಾಡಿನ ಎಷ್ಟೋ ಖರ್ಚು ಬಾಟಲಿಯ ದುಡ್ಡಿನಲ್ಲಿ ನಡೆಯಿತು.

ಡಬ್ಬಿ ಹಾಲು ಎಲ್ಲಿಂದ ಬಂತು ಎಂದು ಕೇಳುತ್ತಿದ್ದೀರಿ. ಅದೂ ಅಮೆರಿಕದ ಜೊತೆಗೇ ಬಂದದ್ದು. ಗೇಲ್ ಬೋರ್ಡನ್ ಎಂಬಾತ ಹಾಲನ್ನು ಮಂದ ಮಾಡುವ ವಿಧಾನಕ್ಕೆ 1856ರಲ್ಲಿ ಪೇಟೆಂಟ್ ಪಡೆದ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರ ಹೊಟ್ಟೆ ಸೇರಿ ಅದು ಪ್ರಸಿದ್ಧವಾಯಿತು. ಸಕ್ಕರೆಯಿಲ್ಲದ ಬತ್ತಿಸಿದ ಹಾಲಿನ ಡಬ್ಬಿ 1880ರ ದಶಕದಲ್ಲಿ ಬಂತು. ಫ್ರಿಜ್ ಇಲ್ಲದ, ಮಧ್ಯಾಹ್ನದೊಳಗೆ ಹಾಲು ಒಡೆಯುವ ಬಿಸಿಲು ನಾಡಿಗೆ ಡಬ್ಬಿ ವರವಾಯಿತು. ಆಮೇಲೆ, 1950ರ ಆಸುಪಾಸಿನಲ್ಲಿ, ಪೋರ್ಟೊ ರಿಕೊ ವಿಶ್ವವಿದ್ಯಾಲಯದ ರಾಮೊನ್ ಲೋಪೆಸ್ ಇರಿಸಾರ್ರಿ ಎಂಬ ಮೇಷ್ಟ್ರು ತೆಂಗಿನ ಕೆನೆಯನ್ನು ಸಕ್ಕರೆಯೊಡನೆ ಬೆರೆಸಿ, ಬೇರ್ಪಡದಂತೆ ಡಬ್ಬಿಗೆ ತುಂಬುವುದನ್ನು ಸಾಧಿಸಿದರು. 'ಕೊಕೊ ಲೋಪೆಸ್' ಎಂಬ ಹೆಸರಿನಲ್ಲಿ ಅದು ಇಂದಿಗೂ ಮಾರಾಟವಾಗುತ್ತದೆ. ಹೋಟೆಲುಗಳ ಪೀನ್ಯಾ ಕೊಲಾಡಾ ಹುಟ್ಟಿದ್ದೂ ಈ ಡಬ್ಬಿಯಿಂದಲೇ. ಗಂಟೆಗಟ್ಟಲೆ ತುರಿಯುವ ಕೆಲಸ ಡಬ್ಬಿ ತೆರೆಯುವ ಕೆಲಸವಾಯಿತು. ಮಿಕ್ಸಿ ಬಂತು. ಇವತ್ತು ನಾವು ಕೊಕೀತೊ ಎನ್ನುವುದು ಈ ಮೂರು-ನಾಲ್ಕು ಡಬ್ಬಿಗಳ ಪಾನೀಯವನ್ನೇ. ಅದು ಪುರಾತನ ಎನಿಸಿದರೂ ಈ ರೂಪಕ್ಕೆ ನೂರು ವರ್ಷ ಕೂಡ ಆಗಿಲ್ಲ.

ಮಧ್ಯೆ ಒಂದು ಮಾತು. ಕೊಕೀತೊ 'ಪೋಂಚೆ' ಎಂಬ ಜಾತಿಗೆ ಸೇರಿದ ಪಾನೀಯ, ಇಂಗ್ಲಿಷಿನ ಪಂಚ್. ಈ ಪದದ ಮೂಲ ನಮ್ಮ 'ಪಂಚ' ಎಂದು, ಅಂದರೆ ಐದು ಸಾಮಗ್ರಿಗಳ ಕಲಸು ಎಂದು ಮೊದಲು ಬರೆದವರಲ್ಲಿ ಜಾನ್ ಫ್ರೈಯರ್ ಪ್ರಮುಖ. ಈಸ್ಟ್ ಇಂಡಿಯಾ ಕಂಪನಿಯ ಈ ವೈದ್ಯ 1670ರ ದಶಕದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೆಲ್ಲ ಓಡಾಡಿದ, ಕಾರವಾರದಲ್ಲಿದ್ದ, ಗೋಕರ್ಣವನ್ನೂ ಕಂಡ. ಕರಾವಳಿಯ ಇಂಗ್ಲಿಷರು ಗೋವೆಯ ಸಾರಾಯಿ ಬಳಸಿ ಮಾಡುವ ಪಾನೀಯ ಅದು ಎಂದು ಅವನ ವಿವರಣೆ. ಪಿಪಾಯಿಯ ಇಂಗ್ಲಿಷ್ ಹೆಸರಿನಿಂದ ಈ ಪದ ಬಂತು ಎನ್ನುವ ಪಂಡಿತರೂ ಇದ್ದಾರೆ. ನನ್ನ ಓಟು ಫ್ರೈಯರನಿಗೆ, ಕಾರವಾರದ ಋಣ ಇರಲಿ!

ಹಬ್ಬದ ರಾತ್ರಿ ಹೇಗಿರುತ್ತದೆ ಎಂದು ಹೇಳದಿದ್ದರೆ ಕೊಕೀತೊದ ಕಥೆ ಪೂರ್ತಿಯಾಗದು. 'ಪರ್ರಾಂದಾ' ಎಂಬ ಪದ್ಧತಿಯಿದೆ. ನಾಲ್ಕು ಜನ ಗೆಳೆಯರು ನಡುರಾತ್ರಿ ಸದ್ದಿಲ್ಲದೆ ಒಬ್ಬರ ಮನೆ ಮುಂದೆ ಸೇರುತ್ತಾರೆ. ಒಮ್ಮೆಲೇ ಗಿಟಾರು, ಕ್ವಾತ್ರೊ ಎಂಬ ತಂತಿವಾದ್ಯ, ಗೀರಿ ಬಾರಿಸುವ ಸೋರೆಬುರುಡೆ ಎಲ್ಲ ಮೊಳಗುತ್ತವೆ. ನಿದ್ದೆಗಣ್ಣಿನ ಮನೆಯವರು ಬಾಗಿಲು ತೆರೆದು, ಇದ್ದದ್ದನ್ನು ಕೊಟ್ಟು ಉಪಚರಿಸಬೇಕು. ಆಮೇಲೆ ಅವರೂ ಗುಂಪಿಗೆ ಸೇರಿ ಮುಂದಿನ ಮನೆಗೆ ಹೋಗಬೇಕು. ಬೆಳಗಾಗುವ ಹೊತ್ತಿಗೆ ನಾಲ್ಕು ಜನ ನಲವತ್ತಾಗಿರುತ್ತಾರೆ. ಫ್ರಿಜ್ಜಿನಲ್ಲಿ ಕೊಕೀತೊ ಬಾಟಲಿ ಇಲ್ಲದ ಮನೆಗೆ ಆ ರಾತ್ರಿ ಮುಖಭಂಗ. ಊಟಕ್ಕೆ ಹಂದಿ ಹುರಿದದ್ದು, ಜೊತೆಗೆ 'ಗಂಡೂಲೆಸ್' ಹಾಕಿದ ಅನ್ನ. ಗಂಡೂಲೆಸ್ ಎಂದರೆ ನಮ್ಮ ತೊಗರಿ! ಭಾರತದಿಂದ ಆಫ್ರಿಕಾ, ಆಫ್ರಿಕಾದಿಂದ ಗುಲಾಮರ ಹಡಗು, ಹಾಗೆ ಹೋದದ್ದು. ಹೈದರಾಬಾದಿನ ಕೇಳುಗರಿಗೆ ಆ ಹೆಸರು ತೆಲುಗಿನ 'ಕಂದುಲು'ವಿನಂತೆ ಕೇಳಿಸಬಹುದು. ಆಫ್ರಿಕಾದ ಕಿಕೊಂಗೊ ಭಾಷೆಯಲ್ಲಿ ತೊಗರಿಗೆ 'ವಾಂಡು' ಎನ್ನುತ್ತಾರೆ ಎಂಬುದನ್ನೂ ನೆನಪಿನಲ್ಲಿಡಿ.

ಈಗ ನಮ್ಮ-ನಿಮ್ಮಂಥ ಪರಸ್ಥಳದವರ ವಿಷಯ. ಎರಡನೇ ಮಹಾಯುದ್ಧದ ನಂತರ ಕಬ್ಬಿನ ಗದ್ದೆಗಳಲ್ಲಿ ಕೂಲಿ ಕಡಿಮೆಯಾಗಿ, ವಿಮಾನದ ಟಿಕೇಟು ಅಗ್ಗವಾಗಿ, ಪೋರ್ಟೊ ರಿಕೊದ ಜನ ಲಕ್ಷಗಟ್ಟಲೆ ನ್ಯೂಯಾರ್ಕಿಗೆ ಹೊರಟರು. ಇವತ್ತು ದ್ವೀಪದಲ್ಲಿ ಇರುವವರು 32 ಲಕ್ಷದ ಸುಮಾರು, ಅಮೆರಿಕದ ಮುಖ್ಯನಾಡಿನಲ್ಲಿ ಇರುವ ಆ ಮೂಲದವರು 55 ಲಕ್ಷಕ್ಕೂ ಹೆಚ್ಚು. ಹೊರಗಿನವರೇ ಜಾಸ್ತಿ! ನ್ಯೂಯಾರ್ಕಿನ ಡಿಸೆಂಬರ್‌ನಲ್ಲಿ ಹಿಮ ಬೀಳುತ್ತದೆ, ತೆಂಗಿನ ಮರವಿಲ್ಲ, ಹೂತಿಡಲು ಹಿತ್ತಲಿಲ್ಲ, ನಡುರಾತ್ರಿ ವಾದ್ಯ ಬಾರಿಸಿದರೆ ಪಕ್ಕದ ಫ್ಲ್ಯಾಟಿನವರು ಪೊಲೀಸರಿಗೆ ಫೋನು ಮಾಡುತ್ತಾರೆ. ಆದರೆ ಮೂಲೆಯ ಕಿರಾಣಿ ಅಂಗಡಿಯಲ್ಲಿ ಆ ನಾಲ್ಕು ಡಬ್ಬಿಗಳು ಸಿಗುತ್ತವೆ. ಹಾಗಾಗಿ ಹಬ್ಬದ ಎಷ್ಟೋ ಸಂಗತಿ ಕೈಬಿಟ್ಟರೂ ಕೊಕೀತೊ ಉಳಿಯಿತು. ಅಲ್ಲಿನ ಈಸ್ಟ್ ಹಾರ್ಲೆಮ್ ಬಡಾವಣೆಯಲ್ಲಿ 2000ರ ದಶಕದ ಆರಂಭದಿಂದ ಕೊಕೀತೊ ಸ್ಪರ್ಧೆಗಳೇ ನಡೆದಿವೆ. ಎಲ್ಲರೂ ಹೇಳುವುದು ಒಂದೇ: ನಮ್ಮ ಅಜ್ಜಿಯ ಪಾಕವೇ ಸರಿ, ಉಳಿದವರದ್ದು ತಪ್ಪು. ಮೊಟ್ಟೆಯ ಹಳದಿ ಹಾಕಬೇಕೋ ಬೇಡವೋ ಎಂಬುದಕ್ಕಂತೂ ನೆಂಟರ ನಡುವೆ ಮಾತು ನಿಂತದ್ದುಂಟು. ನಮ್ಮ ಬಿಸಿಬೇಳೆಬಾತಿಗೆ ಈರುಳ್ಳಿ ಹಾಕುವ ಜಗಳ ನೆನಪಾಯಿತೇ?

ಈ ಕಥೆಯಲ್ಲಿ ಮನಸ್ಸು ಚುಚ್ಚುವ ಭಾಗವೂ ಒಂದಿದೆ. ಕಬ್ಬಿಗಾಗಿ ಮೂರೂವರೆ ಶತಮಾನ ಗುಲಾಮರನ್ನು ದುಡಿಸಿದ ಆ ದ್ವೀಪದಲ್ಲಿ 2000ರ ದಶಕದ ಆರಂಭದ ಹೊತ್ತಿಗೆ ಕೊನೆಯ ಸಕ್ಕರೆ ಕಾರ್ಖಾನೆಗಳೂ ಬಾಗಿಲು ಹಾಕಿದವು. ಅಲ್ಲಿನ ರಮ್ಮಿಗೆ ಬೇಕಾದ ಕಾಕಂಬಿ ಬಹುಪಾಲು ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. ಡಬ್ಬಿ ಹಾಲು ಹೊರಗಿನದು, ಚಕ್ಕೆ, ಜಾಯಿಕಾಯಿ ಹೊರಗಿನವು. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಅಪ್ಪಳಿಸಿದಾಗ ದ್ವೀಪದ ವಿದ್ಯುತ್ ಜಾಲ ಪೂರ್ತಿ ಕುಸಿಯಿತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೂ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಲ್ಲಿ ಕರೆಂಟು ಇರಲಿಲ್ಲ. ಮಿಕ್ಸಿಯೂ ಇಲ್ಲ, ಫ್ರಿಜ್ಜೂ ಇಲ್ಲ. ಕೊಕೀತೊಗೆ ಬೇಕಾದದ್ದೇ ಅವೆರಡು. ಮಿಕ್ಸಿ ಇಲ್ಲದ ಕಾಲದ ತುರಿಮಣೆ, ಹಿಂಡುವ ಬಟ್ಟೆ ನೆನಪಿದ್ದವರ ಬೆಲೆ ಅಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಸರಿ, ಮಾಡುವುದು ಹೇಗೆ? ನಮ್ಮೂರುಗಳಲ್ಲಿ ಸಿಗುವ ಸಾಮಾನಿನಲ್ಲೇ ಹೇಳುತ್ತೇನೆ. ಎರಡು ಬಲಿತ ಕಾಯಿ ತುರಿದು, ಬೆಚ್ಚಗಿನ ನೀರು ಸ್ವಲ್ಪವೇ ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಗಟ್ಟಿಯಾದ ಮೊದಲ ಹಾಲು ತೆಗೆಯಿರಿ. ಮತ್ತೆ ನೀರು ಹಾಕಿ ರುಬ್ಬಿ ಎರಡನೇ ಹಾಲು, ಸುಮಾರು ಎರಡು ಲೋಟ. ಮೊದಲ ಹಾಲಿನಲ್ಲಿ ಒಂದು ಲೋಟ ಬೇರೆಯಿಟ್ಟು, ಮುಕ್ಕಾಲು ಲೋಟ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸಬೇಡಿ, ಒಡೆಯುತ್ತದೆ. ಲೋಪೆಸ್ ಮೇಷ್ಟ್ರ ಡಬ್ಬಿಗೆ ಇದು ಬದಲಿ. ಬತ್ತಿಸಿದ ಹಾಲಿನ ಡಬ್ಬಿ ಸಿಗದಿದ್ದರೆ ಮುಕ್ಕಾಲು ಲೀಟರ್ ಗಟ್ಟಿ ಹಾಲನ್ನು ಅರ್ಧಕ್ಕಿಂತ ಕಡಿಮೆ ಆಗುವವರೆಗೆ ಕಾಯಿಸಿ, ತಣಿಸಿ, ಕೆನೆಪದರ ಸೋಸಿಬಿಡಿ. ಎರಡನೇ ಹಾಲಿನಲ್ಲಿ ಅರ್ಧ ಲೋಟವನ್ನು ಬಿಸಿ ಮಾಡಿ ಎರಡು ಚೂರು ಚಕ್ಕೆ, ನಾಲ್ಕು ಲವಂಗ ಹಾಕಿ ಮುಚ್ಚಿಟ್ಟು, ಆರಿದ ಮೇಲೆ ಸೋಸಿಕೊಳ್ಳಿ. ಈಗ ಇವೆಲ್ಲವನ್ನೂ, ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕನ್ನೂ, ಒಂದು ಚಮಚ ವೆನಿಲ್ಲಾ, ಚಿಟಿಕೆ ಉಪ್ಪು, ತುರಿದ ಜಾಯಿಕಾಯಿಯನ್ನೂ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ. ಎಲ್ಲ ಪೂರ್ತಿ ತಣ್ಣಗಾದ ಮೇಲೆ ಒಂದೂವರೆ ಲೋಟ ಬಿಳಿ ರಮ್ಮು. ಹಸಿಮೊಟ್ಟೆಯ ಗೊಡವೆ ಬೇಡ, ಅದಿಲ್ಲದೆಯೂ ಮಂದವಾಗಿಯೇ ಬರುತ್ತದೆ. ರಮ್ಮು ಬೇಡದವರು, ಮಕ್ಕಳಿರುವವರು ರಮ್ಮಿಗೆ ಮೊದಲೇ ಒಂದು ಪಾತ್ರೆಗೆ ಬೇರೆ ತೆಗೆದಿಡಿ. ಬಾಟಲಿಗಳಿಗೆ ಗುರುತಿನ ಚೀಟಿ ಅಂಟಿಸುವುದನ್ನು ಮರೆಯಬೇಡಿ, ಎರಡೂ ನೋಡಲು ಒಂದೇ ತರಹ!

ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಚಿಕ್ಕ ಲೋಟದಲ್ಲಿ ಕೊಡಿ. ಲೋಟ ಚಿಕ್ಕದಿರಲಿ ಎಂದದ್ದು ಸುಮ್ಮನೆ ಅಲ್ಲ, ಸಿಹಿಯ ಹಿಂದೆ ರಮ್ಮು ಎಷ್ಟಿದೆ ಎಂದು ನಾಲಿಗೆಗೆ ತಿಳಿಯುವುದಿಲ್ಲ. ಗಾಡಿ ಓಡಿಸುವವರಿಗೆ ಕೊಡಲೇಬೇಡಿ. ಮನೆಯಲ್ಲಿ ಹಿಂಡಿದ ಕಾಯಿಹಾಲು ಹಾಕಿದ್ದರೆ ಮೂರು-ನಾಲ್ಕು ದಿನದಲ್ಲಿ ಮುಗಿಸಿ. ಇನ್ನು, ಬಾಟಲಿ ಹೊರತೆಗೆದಾಗ ಮೇಲೆ ಬಿಳಿ ಗಟ್ಟಿ ಪದರ ಕಂಡರೆ ಕೆಟ್ಟಿತೆಂದು ಚೆಲ್ಲಬೇಡಿ. ದೆಹಲಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗುವುದನ್ನು ಕಂಡವರಿಗೆ ಇದು ಹೊಸತಲ್ಲ. ತೆಂಗಿನ ಜಿಡ್ಡು ತಂಪಿಗೆ ಹೆಪ್ಪುಗಟ್ಟಿರುತ್ತದೆ, ಅಷ್ಟೇ. ಹತ್ತು ನಿಮಿಷ ಹೊರಗಿಟ್ಟು, ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಂಡು, ಚೆನ್ನಾಗಿ ಕುಲುಕಿ ಬಗ್ಗಿಸಿ.